ಅರುಣಾಳ ಪರವಾಗಿ ಮಾತಾಡಬೇಕಾದವರು ಯಾರು?

ನನ್ನ ತವರು ಕುಮಟಾ. ಅಲ್ಲಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗುವಾಗ ನಡುವೆ ಹಳದೀಪುರ ಸಿಗುತ್ತದೆ. ಚಿಕ್ಕಂದಿನಲ್ಲಿ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದರೂ ಆ ಊರಿನ ಹೆಸರು ನನ್ನ ಎದೆಗೆ ತಟ್ಟಿದ್ದು ಮದುವೆಯಾಗಿ ಮುಂಬಯಿಗೆ ಬಂದ ಮೇಲೆ. 1981ರಲ್ಲಿ ಪರೇಲಿನಲ್ಲಿ ನೆಂಟರೊಬ್ಬರನ್ನು ನೋಡಲು ಹೋಗಿದ್ದೆ. ಕೆ.ಇ.ಎಂ. ಆಸ್ಪತ್ರೆಯ ಮುಂದೆ ಹಾದುಹೋಗುವಾಗ ನನ್ನ ಅತ್ತೆ ನಿಂತು ಹೇಳಿದರು: "ನಿಮ್ಮ ಕಡೆಯ ಹುಡುಗಿಯೊಬ್ಬಳು ಇದರೊಳಗೆ ಮಲಗಿದ್ದಾಳೆ. ಏಳುವುದಿಲ್ಲ, ಹೋಗುವುದೂ ಇಲ್ಲ."

ಆ ಹುಡುಗಿ ಅರುಣಾ ರಾಮಚಂದ್ರ ಶಾನಭಾಗ. ಮಹಿಳಾ ವಿಭಾಗದ ಈ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸಿದಾಗ ಆಕೆಯ ಕಥೆಯನ್ನೇ ಬರೆಯೋಣ ಅನ್ನಿಸಿತು. ಆಕೆಯ ಮೇಲಾದ ಹಲ್ಲೆಯ ವಿಷಯ ನಮಗೆಲ್ಲ ಗೊತ್ತು. ಆದರೆ ಆಮೇಲಿನ ನಾಲ್ಕು ದಶಕಗಳಲ್ಲಿ ಆಕೆಯ ಬದುಕು ಸಾವುಗಳ ಬಗ್ಗೆ ಯಾರು ಯಾರು ಯಾವ ಯಾವ ಲೆಕ್ಕದಿಂದ ತೀರ್ಮಾನ ಮಾಡಿದರು ಎಂಬುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ.

ಅರುಣಾ ಹುಟ್ಟಿದ್ದು 1948ರ ಜೂನ್ 1ರಂದು, ಹಳದೀಪುರದಲ್ಲಿ. ನರ್ಸಿಂಗ್ ಕಲಿತು ಕೆ.ಇ.ಎಂ. ಸೇರಿದಳು. ಇದು 1926ರಲ್ಲಿ ಶುರುವಾದ, ಮುಂಬಯಿ ಮಹಾನಗರಪಾಲಿಕೆ ನಡೆಸುವ ದೊಡ್ಡ ಆಸ್ಪತ್ರೆ. ಇಪ್ಪತ್ತೈದರ ಹರೆಯ, ಅದೇ ಆಸ್ಪತ್ರೆಯ ವೈದ್ಯನೊಬ್ಬನ ಜೊತೆ ಮದುವೆ ನಿಶ್ಚಯವಾಗಿತ್ತು. ನಾಯಿಗಳ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಯುತ್ತಿದ್ದ ವಿಭಾಗದಲ್ಲಿ ಅವಳ ಕೆಲಸ. 1973ರ ನವೆಂಬರ್ 27ರ ಸಂಜೆ ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸಿಕೊಳ್ಳಲು ಹೋದಾಗ ಸೋಹನ್‌ಲಾಲ್ ವಾಲ್ಮೀಕಿ ಎಂಬ ಕಸಗುಡಿಸುವ ನೌಕರ ನಾಯಿ ಕಟ್ಟುವ ಸರಪಳಿಯನ್ನು ಅವಳ ಕೊರಳಿಗೆ ಬಿಗಿದು ಲೈಂಗಿಕ ಹಲ್ಲೆ ಮಾಡಿದ. ಮರುದಿನ ಬೆಳಿಗ್ಗೆಯೇ ಅವಳು ಕಣ್ಣಿಗೆ ಬಿದ್ದದ್ದು. ಅಷ್ಟರಲ್ಲಿ ಆಮ್ಲಜನಕ ಸಿಗದೆ ಮಿದುಳು ಹಾಳಾಗಿತ್ತು. ಕಣ್ಣು ತೆರೆದಿದ್ದರೂ ನೋಟ ಹೋಗಿತ್ತು, ಮಾತು ನಿಂತಿತ್ತು.

ಮೊದಲ ತೀರ್ಮಾನ ಆದದ್ದು ಆಗಲೇ. ಹುಡುಗಿಗೆ ಮದುವೆ ನಿಶ್ಚಯವಾಗಿದೆ, ಹೆಸರು ಕೆಡಬಾರದು ಎಂಬ ಕಾರಣಕ್ಕೆ ಆಸ್ಪತ್ರೆಯ ಆಗಿನ ಆಡಳಿತ ಲೈಂಗಿಕ ಹಲ್ಲೆಯ ವಿಷಯವನ್ನು ಬಚ್ಚಿಟ್ಟಿತು. ಪೊಲೀಸರು ಬರೆದುಕೊಂಡದ್ದು ದರೋಡೆ ಮತ್ತು ಕೊಲೆಯತ್ನ. ಅವಳ ಮೇಲೆ ನಡೆದದ್ದು ಅಂದಿನ ಕಾನೂನಿನ ವ್ಯಾಖ್ಯೆಯಲ್ಲಿ ಅತ್ಯಾಚಾರವೇ ಆಗುತ್ತಿರಲಿಲ್ಲ. ಆ ವ್ಯಾಖ್ಯೆ ಹಿಗ್ಗಿದ್ದು 2013ರಲ್ಲಿ. ಆದರೆ ಬೇರೆ ಕಲಮಿನಡಿ ಮೊಕದ್ದಮೆ ಹೂಡಬಹುದಿತ್ತು, ಹೂಡಲಿಲ್ಲ. ಅಪರಾಧಿಗೆ ಏಳೇಳು ವರ್ಷದ ಎರಡು ಶಿಕ್ಷೆಗಳಾದವು. ಎರಡನ್ನೂ ಒಟ್ಟಿಗೇ ಅನುಭವಿಸಿ 1980ರಲ್ಲಿ ಹೊರಬಂದ. "ಮರ್ಯಾದೆ ಉಳಿಸಲು" ಎಂದು ಮಾಡಿದ ಈ ಉಪಕಾರವನ್ನು ಅರುಣಾ ಕೇಳಿರಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಅವಳಿಗಾಗಿ ಮೊದಲು ಬೀದಿಗಿಳಿದವರು ಜೊತೆಯ ನರ್ಸುಗಳು. ಹಲ್ಲೆಯ ಬೆನ್ನಲ್ಲೇ ಅವರು ಮುಷ್ಕರ ಹೂಡಿ, ಅರುಣಾಳಿಗೆ ಸರಿಯಾದ ಆರೈಕೆ ಮತ್ತು ತಮಗೆ ಸುರಕ್ಷಿತವಾದ ಕೆಲಸದ ಜಾಗ ಬೇಕೆಂದು ಕೇಳಿದರು. ಎಂಬತ್ತರ ದಶಕದಲ್ಲಿ ಹಾಸಿಗೆಯ ಲೆಕ್ಕ ಬಂತು. ಗುಣವಾಗದ ರೋಗಿ ವರ್ಷಗಟ್ಟಲೆ ಒಂದು ಹಾಸಿಗೆ ಹಿಡಿದಿದ್ದಾಳೆ, ಬೇರೆಡೆಗೆ ಸಾಗಿಸೋಣ ಎಂದು ಮಹಾನಗರಪಾಲಿಕೆ ಹೊರಟಿತು. ನರ್ಸುಗಳು ಮತ್ತೆ ಅಡ್ಡ ನಿಂತರು, ಪಾಲಿಕೆ ಹಿಂದೆ ಸರಿಯಿತು. ನಾಲ್ಕನೇ ವಾರ್ಡಿನ ಪಕ್ಕದ ಕೋಣೆ ಅರುಣಾಳದ್ದೇ ಆಗಿ ಉಳಿಯಿತು. ಒಂದು ತಲೆಮಾರಿನ ನರ್ಸುಗಳು ನಿವೃತ್ತರಾಗುವಾಗ ಇನ್ನೊಂದು ತಲೆಮಾರು ಅವಳ ಮೈ ಒರೆಸುವ, ತಲೆ ಬಾಚುವ, ಅರೆದ ಊಟ ತಿನ್ನಿಸುವ ಕೆಲಸವನ್ನು ವಹಿಸಿಕೊಂಡಿತು. ಇಷ್ಟು ವರ್ಷ ಮಲಗಿದ್ದರೂ ಮೈಯಲ್ಲಿ ಒಂದು ಹಾಸಿಗೆಹುಣ್ಣು ಆಗಲು ಬಿಟ್ಟಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು. ಮುದುಕರನ್ನು ನೋಡಿಕೊಂಡ ಯಾವ ಹೆಂಗಸಿಗೂ ಆ ಹೆಮ್ಮೆಯ ತೂಕ ಗೊತ್ತಾಗುತ್ತದೆ.

ಪತ್ರಕರ್ತೆ ಪಿಂಕಿ ವಿರಾನಿ 1998ರಲ್ಲಿ ಅರುಣಾಳ ಬಗ್ಗೆ ಪುಸ್ತಕ ಬರೆದು, ಮುಚ್ಚಿಟ್ಟದ್ದನ್ನು ಜನರ ಮುಂದೆ ತಂದರು. 2009ರಲ್ಲಿ ಅವರೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಇದು ಬದುಕಲ್ಲ, ಬಲವಂತದ ಊಟ ನಿಲ್ಲಿಸಿ ಆಕೆಯನ್ನು ನೆಮ್ಮದಿಯಿಂದ ಹೋಗಲು ಬಿಡಿ ಎಂಬುದು ಅದರ ಸಾರ. ತನ್ನ ಪರವಾಗಿ ತಾನೇ ಮಾತಾಡಲಾಗದವರಿಗಾಗಿ ಕೋರ್ಟಿಗೆ ಬರುವವರನ್ನು ಕಾನೂನು 'ನೆಕ್ಸ್ಟ್ ಫ್ರೆಂಡ್' ಎನ್ನುತ್ತದೆ. ವಿರಾನಿ ಆ ಹೆಸರಿನಲ್ಲೇ ಬಂದಿದ್ದರು.

ಕೋರ್ಟು ಜೆ.ವಿ. ದಿವಾಟಿಯಾ, ರೂಪ್ ಗುರ್ಸಹಾನಿ, ನೀಲೇಶ್ ಶಾ ಎಂಬ ಮೂವರು ವೈದ್ಯರನ್ನು ಅವಳ ಪರೀಕ್ಷೆಗೆ ನೇಮಿಸಿತು. ಅವಳು ತಾನಾಗಿ ಉಸಿರಾಡುತ್ತಿದ್ದಾಳೆ, ಮಿದುಳು ಸತ್ತಿಲ್ಲ, ಆದರೆ ಸುತ್ತಲಿನ ಅರಿವು ಇರುವ ಲಕ್ಷಣ ತೀರಾ ಕಡಿಮೆ, ಸುಧಾರಿಸುವ ಸಂಭವವಿಲ್ಲ ಎಂಬುದು ಅವರ ವರದಿಯ ತಾತ್ಪರ್ಯ. 2010ರ ಸೆಪ್ಟೆಂಬರಿನಲ್ಲಿ ಜ್ವರ ಬರುವ ತನಕ ಬಾಯಲ್ಲೇ ಊಟ ಮಾಡುತ್ತಿದ್ದಳು, ಆಮೇಲೆ ಮೂಗಿನ ನಳಿಕೆ ಹಾಕಬೇಕಾಯಿತು. ಇಷ್ಟದ ತಿನಿಸು ಬಾಯಿಗಿಟ್ಟರೆ ಮುಖ ಅರಳುತ್ತದೆ ಎಂದು ನರ್ಸುಗಳು ಹೇಳುತ್ತಿದ್ದರು. ಒಂದೇ ಮುಖದಲ್ಲಿ ಒಬ್ಬರು ನಗು ಕಂಡರು, ಇನ್ನೊಬ್ಬರು ಮುಗಿಯದ ನೋವು ಕಂಡರು.

2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ತೀರ್ಪು ಕೊಟ್ಟರು. ವಿರಾನಿಯವರ ಕಾಳಜಿಯನ್ನು ಮೆಚ್ಚಿದರೂ, ಇಷ್ಟು ವರ್ಷ ಹಗಲಿರುಳು ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿಯೇ ಅರುಣಾಳ ನಿಜವಾದ ನೆಕ್ಸ್ಟ್ ಫ್ರೆಂಡ್ ಎಂದರು. ಅವರು ಅವಳು ಬದುಕಿರಲಿ ಎನ್ನುತ್ತಿರುವುದರಿಂದ ಅರ್ಜಿ ವಜಾ ಆಯಿತು. ಮುಂದೆಂದಾದರೂ ಸಿಬ್ಬಂದಿಯ ಮನಸ್ಸು ಬದಲಾದರೆ ಮುಂಬಯಿ ಹೈಕೋರ್ಟಿಗೆ ಹೋಗಬಹುದು ಎಂದೂ ಹೇಳಿದರು. ಅದೇ ತೀರ್ಪಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ, ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ನಿಷ್ಕ್ರಿಯ ದಯಾಮರಣಕ್ಕೆ ದಾರಿ ತೆರೆಯಿತು. ಆದರೆ ಆಗ ಮನೆಯವರು ಮತ್ತು ವೈದ್ಯರು ಒಪ್ಪಿದರಷ್ಟೇ ಸಾಲದಾಗಿತ್ತು, ಹೈಕೋರ್ಟಿನ ಅನುಮತಿ ಬೇಕಿತ್ತು. ಆಸ್ತಿಯ ಆಸೆಗೆ ಬಂಧುಗಳು ಇದನ್ನು ದುರುಪಯೋಗ ಮಾಡಿಕೊಂಡಾರು ಎಂಬುದು ನ್ಯಾಯಮೂರ್ತಿಗಳ ಭಯವಾಗಿತ್ತು. ತೀರ್ಪು ಬಂದ ದಿನ ಕೆ.ಇ.ಎಂ. ನರ್ಸುಗಳು ಸಿಹಿ ಹಂಚಿದರು.

ಆ ದಿನ ಟಿ.ವಿ. ನೋಡುತ್ತಾ ನನಗೆ ಸಿಟ್ಟು ಬಂದಿತ್ತು. ಸಂಭ್ರಮಿಸಲು ಇದರಲ್ಲಿ ಏನಿದೆ, ಆ ಜೀವಕ್ಕೆ ಬಿಡುಗಡೆ ಬೇಡವೇ ಅಂದಿದ್ದೆ. ಮೂರು ವರ್ಷದ ನಂತರ ನಮ್ಮ ಮನೆಯಲ್ಲೇ ಅದೇ ಪ್ರಶ್ನೆ ಬಂದು ಕೂತಾಗ ನಾನು ಬೇರೆಯೇ ಕಡೆ ನಿಂತಿದ್ದೆ.

2014ರ ಮಳೆಗಾಲದಲ್ಲಿ, 86 ವರ್ಷದ ನನ್ನ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಖಾಸಗಿ ಆಸ್ಪತ್ರೆಯೊಂದರ ಐ.ಸಿ.ಯು.ನಲ್ಲಿ ವೆಂಟಿಲೇಟರ್ ಹಾಕಿದರು. ಭಾವನವರು ದುಬೈಯಿಂದ ಬಂದು "ಎಷ್ಟು ಖರ್ಚಾದರೂ ಸರಿ, ಅಮ್ಮನನ್ನು ಉಳಿಸಿ" ಎಂದರು. ನಾದಿನಿ "ಸಾಕು, ಹಿಂಸೆ ಕೊಡಬೇಡಿ" ಎಂದು ಅತ್ತಳು. ನನ್ನವರು ಸುಮ್ಮನಿದ್ದರು. ವೈದ್ಯರು ಗಂಡುಮಕ್ಕಳನ್ನಷ್ಟೇ ಒಳಗೆ ಕರೆದು ಮಾತಾಡಿದರು. ಮೂವತ್ತಮೂರು ವರ್ಷ ಜೊತೆಗಿದ್ದು, ಕೊನೆಯ ಆರು ವರ್ಷ ಸ್ನಾನ ಮಾಡಿಸಿ ಗಂಜಿ ಕುಡಿಸಿದ ಸೊಸೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು "ಇನ್ನೂ ಸ್ವಲ್ಪ ದಿನ ನೋಡೋಣ" ಎನ್ನುತ್ತಿದ್ದೆ. ನನ್ನ ಕೈಯಲ್ಲಿ ಸೇವೆ ಮಾಡಿಸಿಕೊಂಡ ದೇಹವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಹತ್ತೊಂಬತ್ತು ದಿನಗಳ ನಂತರ ಅವರೇ ಹೋದರು. ಆಗ ನೆನಪಾಯಿತು. ಬಹಳ ಹಿಂದೆ, ಕೆ.ಇ.ಎಂ. ಮುಂದೆ ನಿಂತಿದ್ದ ಆ ದಿನವೇ ಅವರು ಹೇಳಿದ್ದರು: "ನನಗೆ ಹಾಗೆ ಮಲಗುವ ಗತಿ ಬರದಿರಲಿ ಮಾರಾಯ್ತಿ." ಅವರ ಇಚ್ಛೆ ತಿಳಿದಿದ್ದವಳು ನಾನೊಬ್ಬಳೇ. ಅದನ್ನೂ ನಾನು ಮರೆತಿದ್ದೆ.

ಅಂದಿನಿಂದ ಕೆ.ಇ.ಎಂ. ನರ್ಸುಗಳ ಮೇಲಿನ ಸಿಟ್ಟು ಹೋಯಿತು. ಹಾಗೆಂದು ಅವರದ್ದೇ ಸರಿ ಅನ್ನಲೂ ಆಗುತ್ತಿಲ್ಲ. ಪ್ರೀತಿಗೂ ಪಕ್ಷಪಾತವಿದೆ. ಸೇವೆ ಮಾಡಿದವರಿಗೆ ರೋಗಿಯ ಉಸಿರಿನಲ್ಲಿ ತಮ್ಮ ಸೇವೆಯ ಅರ್ಥ ಕಾಣುತ್ತದೆ. ದೂರದಿಂದ ನೋಡುವವರಿಗೆ ನೋವು ಮಾತ್ರ ಕಾಣುತ್ತದೆ. ಆಸ್ಪತ್ರೆಗೆ ಹಾಸಿಗೆ, ಸರ್ಕಾರಕ್ಕೆ ದುರುಪಯೋಗದ ಭಯ, ಬಂಧುಗಳಿಗೆ ಖರ್ಚು ಮತ್ತು ನಾಲ್ಕು ಜನರ ಮಾತು.

ಇದರಲ್ಲಿ ರಾಜಕಾರಣ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆರಿ ಶಿಯಾವೋ ಪ್ರಕರಣ ಸಾಕ್ಷಿ. 1990ರಲ್ಲಿ ಪ್ರಜ್ಞೆ ಕಳೆದುಕೊಂಡ ಆಕೆಯ ಆಹಾರದ ನಳಿಕೆ ತೆಗೆಯಬೇಕೆಂದು ಗಂಡ, ಬೇಡವೆಂದು ತಂದೆತಾಯಿ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು. 2005ರ ಮಾರ್ಚಿನಲ್ಲಿ ಆ ಒಬ್ಬ ಹೆಣ್ಣಿಗಾಗಿ ಅಲ್ಲಿನ ಸಂಸತ್ತು ತುರ್ತಾಗಿ ಕಾನೂನನ್ನೇ ಮಾಡಿತು, ಅಧ್ಯಕ್ಷ ಬುಷ್ ಸಹಿ ಹಾಕಿದರು. ಆದರೂ ಕೋರ್ಟುಗಳು ಬಗ್ಗಲಿಲ್ಲ, ಮಾರ್ಚ್ 31ರಂದು ಆಕೆ ತೀರಿಕೊಂಡಳು.

ನಮ್ಮಲ್ಲೂ ಸಂಘಟಿತ ದನಿಗೆ ಇರುವ ಬಲವೇ ಬೇರೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಜೈನರ ಸಂಥಾರ ವ್ರತವನ್ನು ಕಾನೂನುಬಾಹಿರ ಎಂದಿತು. ಸಲ್ಲೇಖನದ ನಿಷಿಧಿ ಕಲ್ಲುಗಳು ತುಂಬಿರುವ ಶ್ರವಣಬೆಳಗೊಳದ ನಾಡಿನವರಾದ ನಮಗೆ ಅದು ದೂರದ ಸುದ್ದಿಯಲ್ಲ. ದೇಶದಾದ್ಯಂತ ಜೈನ ಸಮುದಾಯ ಬೀದಿಗಿಳಿಯಿತು. ಆ ತಿಂಗಳು ಮುಗಿಯುವುದರೊಳಗೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದು ಅರಿವಿದ್ದು ಕೈಗೊಳ್ಳುವ ವ್ರತ, ಆಸ್ಪತ್ರೆಯ ವಿಷಯವಲ್ಲ, ನಿಜ. ಆದರೂ ಹಿಂದೆ ಸಮುದಾಯವಿಲ್ಲದ ಒಂಟಿ ಹೆಣ್ಣಿನ ಪ್ರಶ್ನೆಗೆ ಎಷ್ಟು ದಶಕ ಹಿಡಿಯಿತು ಎಂದು ಹೋಲಿಸದೆ ಇರಲಾಗುವುದಿಲ್ಲ.

ಅದಕ್ಕೆ ಮೂರು ತಿಂಗಳ ಹಿಂದೆ, 2015ರ ಮೇ 18ರಂದು, ಅರುಣಾ ನ್ಯುಮೋನಿಯಾದಿಂದ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. 67 ತುಂಬಲು ಎರಡು ವಾರ ಬಾಕಿಯಿತ್ತು. ಹಲ್ಲೆಯ ನಂತರ ಸುಮಾರು 41 ವರೆ ವರ್ಷ ಮಲಗಿದ್ದಳು. ನರ್ಸುಗಳು ಮನೆಯ ಮಗಳನ್ನು ಕಳಿಸಿಕೊಡುವಂತೆ ಕಳಿಸಿಕೊಟ್ಟರು.

ಅವಳಿಂದ ಶುರುವಾದ ದಾರಿ ಮುಂದೆ ಸಾಗಿತು. 'ಕಾಮನ್ ಕಾಸ್' ಎಂಬ ಸಂಸ್ಥೆ 2005ರಲ್ಲೇ ಹಾಕಿದ್ದ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ದುರುಪಯೋಗವಾದೀತೆಂದು ಕೇಂದ್ರ ಸರ್ಕಾರ ವಿರೋಧಿಸಿದ್ದರೂ 'ಲಿವಿಂಗ್ ವಿಲ್'ಗೆ, ಅಂದರೆ ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಚಿಕಿತ್ಸೆಯ ಇಚ್ಛಾಪತ್ರಕ್ಕೆ, ಮಾನ್ಯತೆ ಸಿಕ್ಕಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ, ಜಿಲ್ಲಾಧಿಕಾರಿ ನೇಮಿಸುವ ಮಂಡಳಿ ಎಂದೆಲ್ಲ ನಿಯಮ ಎಷ್ಟು ತೊಡಕಾಗಿತ್ತೆಂದರೆ ಬಳಕೆಗೆ ಬರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ಪರವಾಗಿ ಮಾತಾಡಬೇಕಾದವರು ಯಾರೆಂದು ನಾವೇ ಹೆಸರಿಸಬಹುದು, ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಮನಸ್ಸು ಬದಲಾದರೆ ರದ್ದು ಮಾಡಬಹುದು. ಸಮಯ ಬಂದಾಗ ಆಸ್ಪತ್ರೆಯ ಎರಡು ವೈದ್ಯಮಂಡಳಿಗಳು ಪರಿಶೀಲಿಸಿ ಅಭಿಪ್ರಾಯ ಕೊಡುತ್ತವೆ. 2025ರ ಜನವರಿ ಕೊನೆಗೆ ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ಪತ್ರಿಕೆಗಳಲ್ಲಿ ಬಂತು. ಈ ಚರಿತ್ರೆಯ ಒಂದು ತುದಿಯಲ್ಲಿ ಹಳದೀಪುರದ ಹೆಣ್ಣು, ಇನ್ನೊಂದು ತುದಿಯಲ್ಲಿ ದಾವಣಗೆರೆಯ ಹೆಣ್ಣು.

ನಾವು ಹೆಂಗಸರು ಮಗಳ ಮದುವೆಗೆ ಯಾವ ಸೀರೆ, ಯಾವ ಒಡವೆ ಎಂದು ಬರೆದಿಡುತ್ತೇವೆ. ಯಾರಿಗೆ ಯಾವ ಬಳೆ ಎಂದೂ ಹೇಳಿಡುತ್ತೇವೆ. ನಮ್ಮದೇ ಕೊನೆಯ ದಿನಗಳ ಮಾತು ಬಂದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತೇವೆ. ನನ್ನ ಇಚ್ಛಾಪತ್ರವನ್ನು ಕಳೆದ ವರ್ಷ ಬರೆದೆ. ಉಳಿಯುವ ಆಸೆ ಇರುವ ತನಕ ಎಲ್ಲ ಚಿಕಿತ್ಸೆ ಕೊಡಿ, ಆಸೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಯಂತ್ರ ಬೇಡ, ನೋವಿಗೆ ಮಾತ್ರ ಔಷಧ ಕೊಡಿ ಎಂದು. ಮಗ ಸಿಟ್ಟು ಮಾಡಿಕೊಂಡು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಂದು, "ಆಯಿ, ನನ್ನ ಹೆಸರಿನ ಜೊತೆ ಅವಳ ಹೆಸರನ್ನೂ ಸೇರಿಸು" ಎಂದ. ಅವಳು ಎಂದರೆ ನನ್ನ ಸೊಸೆ. ಸೇರಿಸಿದ್ದೇನೆ.

ನೀವು ನನ್ನ ಹಾಗೆಯೇ ಬರೆಯಬೇಕೆಂದಿಲ್ಲ. ಕೊನೆಯ ಉಸಿರಿನ ತನಕ ಎಲ್ಲ ಪ್ರಯತ್ನ ಮಾಡಿ ಎಂದು ಬೇಕಾದರೂ ಬರೆಯಿರಿ, ಅದೂ ಇಚ್ಛೆಯೇ. ಆದರೆ ಹೇಳಿಡಿ. ಅರುಣಾಳ ಬಗ್ಗೆ ಆಸ್ಪತ್ರೆ, ಪಾಲಿಕೆ, ಪತ್ರಕರ್ತೆ, ವೈದ್ಯರು, ನ್ಯಾಯಮೂರ್ತಿಗಳು ಎಲ್ಲರೂ ಮಾತಾಡಿದರು. ಅವಳಿಗೆ ಏನು ಬೇಕಿತ್ತು ಎಂಬುದು ಮಾತ್ರ ಯಾವ ಕಡತದಲ್ಲೂ ಇರಲಿಲ್ಲ.