‘ಸ್ಟ್ರೆಸ್ ಕೈನೇಸ್’ ಪ್ರೋಟೀನ್ ಟೆನ್ಷನ್‌ಗೆ ಮದ್ದೇ? ಇಲ್ಲಿದೆ ವಾಸ್ತವ

ಲ್ಯಾಬ್ ಸಾಮಗ್ರಿ ಮಾರುವ ಕಂಪನಿಗಳ ಪಟ್ಟಿಯಲ್ಲಿ ‘ಹ್ಯೂಮನ್ ರೀಕಾಂಬಿನೆಂಟ್ ಪಿ38 ಆಲ್ಫಾ’ ಎಂಬ ಪ್ರೋಟೀನ್ ಇರುತ್ತದೆ. ವಿವರಣೆಯಲ್ಲಿ ‘ಸ್ಟ್ರೆಸ್’ ಎಂಬ ಪದವೂ ಕಾಣುತ್ತದೆ. ಹಾಗಾದರೆ ಇದು ಮಾನಸಿಕ ಒತ್ತಡಕ್ಕೆ ಮದ್ದೇ? ಮನುಷ್ಯರ ದೇಹದಿಂದ ತೆಗೆದದ್ದೇ?

ಚುಟುಕಾಗಿ ಹೇಳುವುದಾದರೆ, ಎರಡಕ್ಕೂ ಉತ್ತರ: ಅಲ್ಲ.

ಇಲ್ಲಿ ‘ಸ್ಟ್ರೆಸ್’ ಎಂದರೇನು?

ಇದು ಪರೀಕ್ಷೆಯ ಭಯ, ಸಾಲದ ಚಿಂತೆಯಂಥ ಒತ್ತಡವಲ್ಲ, ಜೀವಕೋಶಕ್ಕೆ ಬೀಳುವ ಪೆಟ್ಟು. ಅತಿನೇರಳೆ ಕಿರಣ, ವಿಪರೀತ ಶಾಖ, ಸುತ್ತಲಿನ ಉಪ್ಪಿನಂಶದ ಏರಿಕೆ, ಬ್ಯಾಕ್ಟೀರಿಯಾದ ವಿಷ ಇತ್ಯಾದಿ. ಪೆಟ್ಟು ಬಿದ್ದಾಗ ಜೀವಕೋಶದೊಳಗಿನ ಬೇರೆ ಕಿಣ್ವಗಳು ಪಿ38ಕ್ಕೆ ಎರಡು ಕಡೆ ಫಾಸ್ಫೇಟ್ ಅಂಟಿಸುತ್ತವೆ. ಆಗ ಅದು ಎಚ್ಚೆತ್ತು, ಮುಂದಿನ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಸಂದೇಶ ದಾಟಿಸುತ್ತದೆ. ಹೀಗೆ ಫಾಸ್ಫೇಟ್ ಅಂಟಿಸುವ ಕಿಣ್ವವೇ ಕೈನೇಸ್. ವಿಜ್ಞಾನಿಗಳು ಪಿ38 ಅನ್ನು ಗುರುತಿಸಿ ವಿವರಿಸಿದ್ದು 1994ರಲ್ಲಿ.

ಮನುಷ್ಯರಿಂದ ತೆಗೆಯುತ್ತಾರೆಯೇ?

ಇಲ್ಲ. ಈ ಪ್ರೋಟೀನ್ ತಯಾರಿಸುವ ಮಾನವ ಜೀನ್‌ನ ಪ್ರತಿಯನ್ನು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆಯುತ್ತಾ ಪ್ರೋಟೀನ್ ತಯಾರಿಸುತ್ತದೆ. ನಂತರ ಅದನ್ನು ಒಡೆದು ಬೇಕಾದ ಪ್ರೋಟೀನನ್ನು ಬೇರ್ಪಡಿಸುತ್ತಾರೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾನವ ಇನ್ಸುಲಿನ್ ಕೂಡ ಇದೇ ತಂತ್ರದಿಂದ ತಯಾರಾದದ್ದು. ಆದರೆ ಇನ್ಸುಲಿನ್ ರೋಗಿಗಳ ಮೇಲೆ ಪರೀಕ್ಷೆಗೊಳಗಾದ ಔಷಧ. ಪಿ38 ಪ್ರೋಟೀನ್ ‘ಸಂಶೋಧನೆಗೆ ಮಾತ್ರ’ ಎಂದು ಮಾರಾಟವಾಗುವ ಲ್ಯಾಬ್ ಸಾಮಗ್ರಿ.

ಹಾಗಾದರೆ ಯಾತಕ್ಕೆ ಬೇಕು?

ಔಷಧ ಹುಡುಕಾಟಕ್ಕೆ. ಪಿ38 ಸಕ್ರಿಯವಾದರೆ ರಕ್ಷಣಾ ಕೋಶಗಳಲ್ಲಿ ಟಿಎನ್‌ಎಫ್‌ನಂಥ ಉರಿಯೂತದ ರಾಸಾಯನಿಕಗಳು ಹೆಚ್ಚುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳನ್ನು ಬಾಧಿಸುವುದು ಇಂಥ ಉರಿಯೂತವೇ. ಆದ್ದರಿಂದ ಸಂಶೋಧಕರು ಹುಡುಕುತ್ತಿರುವುದು ಪಿ38 ಅನ್ನು ತಡೆಯುವ ಔಷಧವನ್ನು. ಪರೀಕ್ಷಾ ನಳಿಕೆಯಲ್ಲಿ ಪ್ರೋಟೀನ್ ಜೊತೆ ಹೊಸ ರಾಸಾಯನಿಕ ಸೇರಿಸಿ, ಫಾಸ್ಫೇಟ್ ಅಂಟಿಸುವ ಕೆಲಸ ನಿಂತಿತೇ ಎಂದು ನೋಡುತ್ತಾರೆ.

ನಳಿಕೆಯಲ್ಲಿ ಗೆದ್ದದ್ದೆಲ್ಲ ದೇಹದಲ್ಲಿ ಗೆಲ್ಲುವುದಿಲ್ಲ. ಸಂಧಿವಾತದ ರೋಗಿಗಳ ಮೇಲೆ ಪರೀಕ್ಷಿಸಿದ ಇಂಥ ಹಲವು ಔಷಧಗಳು ನಿರೀಕ್ಷಿಸಿದಷ್ಟು ಗುಣ ಕೊಡಲಿಲ್ಲ. ಕೆಲವು ಯಕೃತ್ತಿಗೆ ತೊಂದರೆ ಮಾಡಿದವು.

ಸೇವಿಸಿದರೆ ಏನಾಗುತ್ತದೆ?

ನುಂಗಿದರೆ ಬೇಳೆ, ಮೊಟ್ಟೆಯ ಪ್ರೋಟೀನ್‌ನಂತೆ ಇದೂ ಹೊಟ್ಟೆ ಮತ್ತು ಕರುಳಿನಲ್ಲಿ ಜೀರ್ಣವಾಗಿಬಿಡುತ್ತದೆ. ಚುಚ್ಚಿಕೊಳ್ಳುವುದು ಅಪಾಯಕಾರಿ. ಲ್ಯಾಬ್‌ಗೆಂದು ತಯಾರಿಸಿದ ಪ್ರೋಟೀನ್‌ನಲ್ಲಿ ಬ್ಯಾಕ್ಟೀರಿಯಾದ ವಿಷದ ಅಂಶ ಉಳಿದಿರಬಹುದು. ಅದರಿಂದ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಇಷ್ಟಕ್ಕೂ ಪಿ38 ಕೆಲಸ ಮಾಡುವುದು ಜೀವಕೋಶದ ಒಳಗೆ. ರಕ್ತಕ್ಕೆ ಸೇರಿಸಿದ ಮಾತ್ರಕ್ಕೆ ಅದು ಅಲ್ಲಿಗೆ ತಲುಪುವುದಿಲ್ಲ.

ನೆನಪಿಡಿ

‘ಸ್ಟ್ರೆಸ್ ಪ್ರೋಟೀನ್’ ಎಂದು ಯಾರಾದರೂ ಪುಡಿ ಅಥವಾ ಇಂಜೆಕ್ಷನ್ ಮಾರಲು ಬಂದರೆ ಕೊಳ್ಳಬೇಡಿ. ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಮನಸ್ಸಿನ ಒತ್ತಡ ನಿದ್ದೆ, ಊಟ ಕೆಡಿಸುತ್ತಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.