ಬ್ರಾಡ್‌ಫರ್ಡಿನ ಪೆಪ್ಪರಮಿಂಟು

ಆಹಾರದ ಕಲಬೆರಕೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾನೂನುಗಳ ಚರಿತ್ರೆಯನ್ನೇ ಬರೆಯುತ್ತಾರೆ. ಯಾವ ವರ್ಷ ಯಾವ ಶಾಸನ ಬಂದಿತು, ದಂಡವೆಷ್ಟು, ಇಷ್ಟೇ. ಒಳಗೆ ಪಾಕ ಹಿಡಿಯುವವನ ಕೈಗೆ ಏನು ತಿಳಿದಿತ್ತು, ತಿಳಿದು ಅವನು ಏನು ಮಾಡಿದ ಎಂಬುದು ಅಲ್ಲಿ ಸಿಗುವುದು ಅಪರೂಪ. ಹಾಗೆ ಸಿಗುವ ಒಂದು ಪ್ರಸಂಗವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ನಡೆದದ್ದು ಇಂಗ್ಲೆಂಡಿನ ಉಣ್ಣೆಗಿರಣಿಗಳ ಊರಾದ ಬ್ರಾಡ್‌ಫರ್ಡಿನಲ್ಲಿ, 1858ರ ಅಕ್ಟೋಬರ್ ಕೊನೆಯಲ್ಲಿ.

ಆಗ ಸಕ್ಕರೆ ತುಟ್ಟಿ. ಬಡವರ ಕೈಗೆ ಎಟಕುವ ಮಿಠಾಯಿಗೆ ಜಿಪ್ಸಮ್ಮಿನ ಪುಡಿಯನ್ನೋ ಸುಣ್ಣಕಲ್ಲಿನ ಪುಡಿಯನ್ನೋ ಬೆರೆಸುವುದು ಕಸಬಿನ ವಾಡಿಕೆ. ಅದಕ್ಕೆ ಅವರು 'ಡಾಫ್ಟ್' ಎಂದು ಹೆಸರಿಟ್ಟುಕೊಂಡಿದ್ದರು. ಹೆಸರಿನ ಮಹಿಮೆ ಸಾಮಾನ್ಯವಲ್ಲ. ಕಲ್ಲುಪುಡಿ ಎಂದರೆ ಕೈ ಹಿಂಜರಿದೀತು. ಡಾಫ್ಟ್ ಎಂದೊಡನೆ ಅದು ಸಕ್ಕರೆ, ಗೋಂದುಗಳ ಪಂಕ್ತಿಯಲ್ಲಿ ಕುಳಿತುಬಿಡುತ್ತದೆ. ಇದು ಗುಟ್ಟೂ ಆಗಿರಲಿಲ್ಲ. ಫ್ರೆಡರಿಕ್ ಆಕಮ್ 1820ರಲ್ಲೇ ಕಲಬೆರಕೆಯನ್ನು ಕುರಿತು ಗ್ರಂಥ ಬರೆದಿದ್ದ. 1851ರಿಂದ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ತನ್ನ ಸೂಕ್ಷ್ಮದರ್ಶಕ ಕಂಡದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರ್ತಕರ ಹೆಸರುಸಹಿತ ಪ್ರಕಟಿಸಿದ್ದ. ಓದಿದವರು ಓದಿದರು, ಬೆರೆಸುವವರು ಬೆರೆಸಿದರು.

ಮಿಠಾಯಿ ತಯಾರಕ ಜೋಸೆಫ್ ನೀಲ್ ಡಾಫ್ಟ್ ತರಲೆಂದು ಒಬ್ಬನನ್ನು ಸುಮಾರು 3 ಮೈಲಿ ದೂರದ ಶಿಪ್ಲಿಗೆ, ಔಷಧ ವ್ಯಾಪಾರಿ ಹಾಜ್‌ಸನ್ನನ ಅಂಗಡಿಗೆ ಕಳುಹಿಸಿದ. ಯಜಮಾನ ಕಾಯಿಲೆ ಮಲಗಿದ್ದ. ಅಟ್ಟದ ಮೂಲೆಯ ಪೀಪಾಯಿಯಲ್ಲಿದೆ ಎಂದು ಹೇಳಿ ಸಹಾಯಕ ಗಾಡರ್ಡನನ್ನು ಕಳಿಸಿದ. ಗಾಡರ್ಡ್ 12 ಪೌಂಡು ಬಿಳಿಯ ಪುಡಿ ತೂಗಿ ಕೊಟ್ಟ. ಪೀಪಾಯಿ ಬೇರೆಯದು, ಪುಡಿ ಶಂಖಪಾಷಾಣ.

ನನ್ನನ್ನು ಕಾಡುವುದು ಈ ಅಚಾತುರ್ಯವಲ್ಲ, ಅನಂತರದ್ದು. ಮಿಶ್ರಣ ಮಾಡಿದ ಜೇಮ್ಸ್ ಆಪಲ್‌ಟನ್ ನುರಿತ ಕೆಲಸಗಾರ. ಬಿಲ್ಲೆಗಳು ಎಂದಿನಂತಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತು. ಕೆಲಸದ ನಡುವೆಯೇ ಅವನಿಗೆ ವಾಂತಿ, ಕೈಗಳಲ್ಲಿ ನೋವು. ಆದರೂ ಮಾಲು ಹೊರಟಿತು. ಕಲ್ಲುಪುಡಿಗೆ ಒಗ್ಗಿಹೋದ ಕೈಗೆ ಒಂದು ದಿನದ ವ್ಯತ್ಯಾಸ ಎಷ್ಟು ದೊಡ್ಡದಾಗಿ ಕಂಡೀತು? ಕೊಂಡವನು ಸಂತೆಯ ವ್ಯಾಪಾರಿ ವಿಲಿಯಂ ಹಾರ್ಡೇಕರ್. ಊರು ಅವನನ್ನು 'ಹಂಬಗ್ ಬಿಲ್ಲಿ' ಎನ್ನುತ್ತಿತ್ತು. ಹಂಬಗ್ ಎಂಬುದು ಒಂದು ಪೆಪ್ಪರಮಿಂಟು ಮಿಠಾಯಿಯ ಹೆಸರು. ಬೂಟಾಟಿಕೆ ಎಂಬ ಅರ್ಥವೂ ಆ ಮಾತಿಗಿದೆ. ಬಿಲ್ಲೆಗಳ ಬಣ್ಣ ನೆಟ್ಟಗಿಲ್ಲವೆಂದು ಅವನಿಗೂ ಅನಿಸಿತು. ಅದನ್ನೇ ಹೇಳಿ ದರ ಇಳಿಸಿಕೊಂಡ.

ಇಂದು ನಾವು ಗುಣನಿಯಂತ್ರಣ ಎನ್ನುವ ಕೆಲಸವನ್ನು ಇಬ್ಬರ ಕಣ್ಣೂ ಮಾಡಿಯೇ ಮಾಡಿದವು. ಒಬ್ಬನಲ್ಲಿ ಆ ಅನುಮಾನ ಮೌನವಾಯಿತು, ಇನ್ನೊಬ್ಬನಲ್ಲಿ ರಿಯಾಯಿತಿಯಾಯಿತು.

ಶನಿವಾರ ರಾತ್ರಿ ಗ್ರೀನ್ ಮಾರ್ಕೆಟ್ಟಿನಲ್ಲಿ ಸುಮಾರು 5 ಪೌಂಡು ಮಾರಾಟವಾಯಿತು. ಹಾರ್ಡೇಕರನೂ ಒಂದನ್ನು ಬಾಯಿಗೆ ಹಾಕಿಕೊಂಡು ಕಾಯಿಲೆ ಬಿದ್ದ. ಮೊದಲು ಸತ್ತ ಮಕ್ಕಳಿಬ್ಬರಿಗೆ ಕಾಲರಾ ಎಂದುಕೊಂಡರು. ಸಾವು 20ರ ಆಸುಪಾಸಿಗೆ ಏರಿತು. ಕಾಯಿಲೆ ಬಿದ್ದವರು 200ಕ್ಕೂ ಹೆಚ್ಚು. ಗಾಡರ್ಡ್, ಹಾಜ್‌ಸನ್, ನೀಲ್ ಮೂವರ ಮೇಲೂ ನರಹತ್ಯೆಯ ಆಪಾದನೆ ಬಂತು. ಯಾರಿಗೂ ಶಿಕ್ಷೆಯಾಗಲಿಲ್ಲ.

ಈ ಗದ್ದಲದ ಹಿಂದೆಯೇ 1860ರ ಕಲಬೆರಕೆ ಶಾಸನ ಬಂದಿತು. ಆದರೆ ತಿಳಿದೂ ಮಾರಿದ ಎಂದು ತೋರಿಸಿದರೆ ಮಾತ್ರ ಅದು ಹಿಡಿಯುತ್ತಿತ್ತು. 1875ರ ಶಾಸನ ಹಿಡಿತವನ್ನು ಬಿಗಿಗೊಳಿಸಿತು. ನಮ್ಮ ದೇಶದ 1954ರ ಕಲಬೆರಕೆ ತಡೆ ಶಾಸನ ಇನ್ನೂ ನಿಷ್ಠುರ. ಪದಾರ್ಥದ ಗುಣ ತನಗೆ ತಿಳಿದಿರಲಿಲ್ಲವೆಂಬ ಬರಿಯ ಮಾತು ಮಾರುವವನಿಗೆ ರಕ್ಷಣೆಯಾಗದೆಂದು ಅದು ಸ್ಪಷ್ಟವಾಗಿ ಹೇಳಿತು. 2011ರಲ್ಲಿ ಅದರ ಜಾಗಕ್ಕೆ 2006ರ ಆಹಾರ ಸುರಕ್ಷತಾ ಶಾಸನ ಬಂದಿತು. ಇವೆಲ್ಲ ಹಾರ್ಡೇಕರನಂಥವನಿಗೆ ಹಾಕಿದ ಮೂಗುದಾರ. ನೀಲನ ಮಿಠಾಯಿಮನೆಯಲ್ಲಿ ನೋಯುವ ಕೈಯಿಂದ ಪಾಕ ನಾದುತ್ತ, ಇದೇಕೋ ಸರಿಯಿಲ್ಲ ಎಂದುಕೊಂಡ ಆಪಲ್‌ಟನ್ ಅದನ್ನು ಯಾರಿಗೆ ಹೇಳಬೇಕಿತ್ತು, ಹೇಳಿದ್ದರೆ ಅವನ ಅಂದಿನ ಕೂಲಿಯ ಗತಿಯೇನು ಎಂಬುದಕ್ಕೆ 1860ರ ಶಾಸನದಲ್ಲಿ ಒಂದಕ್ಷರವೂ ಇರಲಿಲ್ಲ.