ಪ್ರೊಪೆಲರ್ ಇಲ್ಲದ ದೋಣಿ

ಕನಕಪುರದಾಚೆ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಲ್ಲಿ ಬರೀ ಬಂಡೆ. ಅಲ್ಲಿ ಮೋಟರ್ ಬೋಟ್ ಬಿಟ್ಟರೆ ಮೊದಲು ಹೋಗೋದು ಪ್ರೊಪೆಲರ್. ದೋಣಿ ದಡಕ್ಕೆಳೆದು, ನಟ್ಟು ಬಿಚ್ಚಿ, ಪುಲ್ಲರ್ ಹಾಕಿ ಕೀಳಬೇಕು. ಸುತ್ತಿಗೆಯಲ್ಲಿ ಬಡಿದರೆ ಶಾಫ್ಟೇ ಬಾಗೀತು!

ಹರಿಗೋಲಿಗೆ ಈ ರಗಳೆಯೇ ಇಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹೊಳೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿ ಹಾಗೆ ದುಂಡಗೆ, ಹೊರಗೆ ಚರ್ಮ, 15-20 ಜನ ಹಿಡಿಸುತ್ತೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತೆ ಅಂತ. (ಹತ್ತಿದವರಿಗೆ ಗೊತ್ತು, ತಲೆಯೂ ಸುತ್ತುತ್ತೆ!) ಆ ಚರ್ಮ ಹದಮಾಡಿ ಬಿಗಿದವರ ಹೆಸರು ಮಾತ್ರ ಅವನು ಬರೆಯಲಿಲ್ಲ. ನನಗೆ ಬೇಜಾರು ಅದೇ.. ಆ ಕಸುಬು ಈಗ ಎಲ್ಲಿ ಹುಡುಕೋಣ ಹೇಳಿ?

ಬಿದಿರ ಹೆಣಿಗೆ ಉಳಿದಿದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ತೂತು ಬಿತ್ತಾ? ದಡದಲ್ಲೇ ಬೋರಲು ಹಾಕಿ, ತೇಪೆ ಹಚ್ಚಿ, ಟಾರು ಬಳಿದರಾಯ್ತು.